ಹಿಸ್ಟೋಗ್ರಾಮ್: ಯಾವ ಫೋಟೋ ತಿದ್ದಿದರೆ ಸರಿ ಹೋಗುತ್ತದೆ?

ಮುಂಬೈ ಮಾಟುಂಗಾದ ಮೈಸೂರು ಅಸೋಸಿಯೇಶನ್‌ನಲ್ಲಿ ಒಂದು ಕಾರ್ಯಕ್ರಮ ಮುಗಿದರೆ ಸಾಕು, ಮರುದಿನ ಫೋಟೋಗಳ ಸುರಿಮಳೆ. ಯಾರೋ ಬೀರುವಿನಿಂದ ಹಳೇ ಡಿಜಿಟಲ್ ಕ್ಯಾಮೆರಾ ಹೊರಗೆ ತೆಗೆದಿರುತ್ತಾರೆ. ಒಂದಿಷ್ಟು ಚಿತ್ರ ಕಪ್ಪು, ಒಂದಿಷ್ಟು ಮಂಕು, ಕೆಲವಲ್ಲಿ ಮುಖವೇ ಬೆಳ್ಳಗೆ ಬಿಳಿಚಿಕೊಂಡಿರುತ್ತದೆ. "ಎಡಿಟ್ ಮಾಡಿದ್ರೆ ಸರಿ ಹೋಗುತ್ತೆ ಬಿಡಿ" ಅನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಕೆಲವು ನಿಜಕ್ಕೂ ಸರಿ ಹೋಗುತ್ತವೆ. ಕೆಲವು ತಲೆಕೆಳಗಾಗಿ ನಿಂತರೂ ಆಗುವುದಿಲ್ಲ. ಯಾವುದು ಆಗುತ್ತದೆ, ಯಾವುದು ಆಗದು ಅಂತ ಕೈ ಹಾಕುವ ಮೊದಲೇ ಹೇಳಿಬಿಡುವುದು ಹಿಸ್ಟೋಗ್ರಾಮ್.

ಇದು ಒಂದು ಚಿಕ್ಕ ಗ್ರಾಫ್. ಜೇಬಿನಲ್ಲಿ ಹಿಡಿಯುವ ಸಾಮಾನ್ಯ ಕಾಂಪ್ಯಾಕ್ಟ್ ಕ್ಯಾಮೆರಾ ಕೊಡುವ ಜೆಪಿಇಜಿ (JPEG) ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮಟ್ಟಗಳಿರುತ್ತವೆ. 0 ಅಂದರೆ ಏನೂ ಬೆಳಕಿಲ್ಲ, 255 ಅಂದರೆ ತುಂಬಿ ಹೋಗಿದೆ. ಗ್ರಾಫಿನ ಎಡತುದಿ 0, ಬಲತುದಿ 255. ಒಂದು ಮಟ್ಟದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆಯೋ (ಚಿತ್ರದ ಚುಕ್ಕಿಗಳು) ಅಷ್ಟೆತ್ತರಕ್ಕೆ ಗೆರೆ ಏಳುತ್ತದೆ. ಅಷ್ಟೇ. ಗುಡ್ಡ ನಡುವೆಯೇ ಇರಬೇಕು ಅಂತ ನಿಯಮವೇನಿಲ್ಲ. ರಾತ್ರಿಯ ಗೇಟ್‌ವೇ ಆಫ್ ಇಂಡಿಯಾ ಚಿತ್ರದಲ್ಲಿ ಗುಡ್ಡ ಎಡಕ್ಕೆ ಒತ್ತಿಕೊಂಡಿದ್ದರೆ ಅದು ಸಹಜ, ಅಲ್ವಾ?

ಈಗ ಜುಲೈ ತಿಂಗಳ ಮರೀನ್ ಡ್ರೈವ್ ತೆಗೆದುಕೊಳ್ಳಿ. ಮೋಡ, ಹನಿ, ಸಮುದ್ರ, ಆಕಾಶ ಎಲ್ಲ ಒಂದೇ ಬೂದಿ ಬಣ್ಣ. ಫೋಟೋ ನೋಡಿದರೆ ಬೇಜಾರು. ಆದರೆ ಅದರ ಹಿಸ್ಟೋಗ್ರಾಮ್ ನೋಡಿ: ಗುಡ್ಡವೆಲ್ಲ ನಡುವೆ ಗುಂಪುಗೂಡಿದೆ, ಎಡಕ್ಕೂ ಬಲಕ್ಕೂ ಖಾಲಿ ಜಾಗ. ನನ್ನ ಲೆಕ್ಕದಲ್ಲಿ ತಿದ್ದುವುದಕ್ಕೆ ಇದಕ್ಕಿಂತ ಒಳ್ಳೆಯ ಫೋಟೋ ಇಲ್ಲ. ಯಾವ ತುದಿಯಲ್ಲೂ ಏನೂ ಕಳೆದುಹೋಗಿಲ್ಲ, ಸುಮ್ನೆ ಇಕ್ಕಟ್ಟಾಗಿದೆ.

ಜಿಂಪ್ (GIMP) ಫೋಟೋ ತಿದ್ದುವ ಉಚಿತ ತಂತ್ರಾಂಶ. ಅದರ ಕಲರ್ಸ್ ಮೆನುವಿನಲ್ಲಿ 'ಲೆವೆಲ್ಸ್' ತೆರೆದರೆ ಇದೇ ಗುಡ್ಡ ಕಾಣುತ್ತದೆ, ಕೆಳಗೆ ಮೂರು ಚಿಕ್ಕ ತ್ರಿಕೋನಗಳು. ಕಪ್ಪು ತ್ರಿಕೋನವನ್ನು ಗುಡ್ಡ ಶುರುವಾಗುವ ಜಾಗಕ್ಕೆ ಎಳೆಯಿರಿ, ಬಿಳಿಯದನ್ನು ಗುಡ್ಡ ಮುಗಿಯುವ ಜಾಗಕ್ಕೆ. ಗುಡ್ಡ 70ರಿಂದ 190ರವರೆಗೆ ಇತ್ತು ಅನ್ನಿ, ಈಗ ಅದು 0ಯಿಂದ 255ರವರೆಗೆ ಹಿಗ್ಗುತ್ತದೆ. ತಡೆಗೋಡೆಯ ಟೆಟ್ರಾಪಾಡ್‌ಗಳು, ಅಂದರೆ ಅಲೆ ತಡೆಯುವ ಕಾಂಕ್ರೀಟ್ ದಿಮ್ಮಿಗಳು, ಕಪ್ಪಾಗುತ್ತವೆ, ಅಲೆಯ ನೊರೆ ಬೆಳ್ಳಗಾಗುತ್ತದೆ. ನಡುವಿನ ಬೂದು ತ್ರಿಕೋನ ಗಾಮಾ. ಮೊದಲು 1.00ರಲ್ಲಿ ಇರುತ್ತದೆ, 1.2 ಮಾಡಿದರೆ ತುದಿಗಳು ಅಲುಗಾಡದೆ ನಡುವಿನ ಭಾಗ ಮಾತ್ರ ಬೆಳಗುತ್ತದೆ. 'ಬ್ರೈಟ್‌ನೆಸ್' ಕಡ್ಡಿಯನ್ನು ಎಗ್ಗಿಲ್ಲದೆ ಎಳೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಇದರಲ್ಲೂ ಖರ್ಚು ಇದೆ. ಹಿಗ್ಗಿಸಿದ ಮೇಲೆ ಮತ್ತೆ ಹಿಸ್ಟೋಗ್ರಾಮ್ ನೋಡಿದರೆ ಬಾಚಣಿಗೆಯ ಹಾಗೆ ಸಂದು ಸಂದು ಕಾಣುತ್ತದೆ. ಸುಮಾರು 120 ಮಟ್ಟಗಳನ್ನು 256ರ ಜಾಗಕ್ಕೆ ಹರಡಿದ್ದೇವೆ, ಹೊಸ ಮಟ್ಟ ಎಲ್ಲಿಂದ ಬರಬೇಕು? ಜಾಸ್ತಿ ಎಳೆದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಏಳುತ್ತದೆ. ಜೆಪಿಇಜಿಯನ್ನು ಮತ್ತೆ ಮತ್ತೆ ತಿದ್ದಿ ಉಳಿಸಿದರೆ ಇನ್ನಷ್ಟು ಕೆಡುತ್ತದೆ, ಹಾಗಾಗಿ ಮೂಲ ಪ್ರತಿಯನ್ನು ಮುಟ್ಟದೆ ಬೇರೆ ಇಡಿ.

ಇನ್ನು ಆಗದ ಕೇಸುಗಳು. ಕಿಂಗ್ಸ್ ಸರ್ಕಲ್ ಜಿಎಸ್‌ಬಿ ಗಣಪತಿಯ ಫೋಟೋ ತೆಗೆದವರಿಗೆ ಇದು ಚೆನ್ನಾಗಿ ಗೊತ್ತು. ಮೈತುಂಬ ಚಿನ್ನ, ಮೇಲಿಂದ ದೀಪಗಳ ಬೆಳಕು. ಚಿತ್ರದಲ್ಲಿ ಒಡವೆಯ ಕುಸುರಿ ಮಾಯ, ಬರೀ ಹಳದಿ ಮುದ್ದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಪ್ರತಿ ಚುಕ್ಕಿಯೂ ಒಂದು ಕೊಡದಂತೆ. ತುಂಬಿದ ಮೇಲೆ ಎಷ್ಟು ಸುರಿದರೂ ಅಷ್ಟೇ ತೋರಿಸುತ್ತದೆ. ಆಗ ಹಿಸ್ಟೋಗ್ರಾಮ್ ಬಲಗೋಡೆಗೆ ಅಂಟಿಕೊಂಡು ನೆಟ್ಟಗೆ ಏರುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಪಕ್ಕಪಕ್ಕದ ಪಿಕ್ಸೆಲ್‌ಗಳೆಲ್ಲ 255 ಆದ ಮೇಲೆ ಅವುಗಳ ನಡುವೆ ವ್ಯತ್ಯಾಸವೇ ಉಳಿದಿಲ್ಲ. ಬೆಳಕು ಇಳಿಸಿದರೆ ಮುದ್ದೆ ಮಂಕಾಗುತ್ತದೆ ಅಷ್ಟೇ, ಕುಸುರಿ ವಾಪಸ್ಸು ಬರುವುದಿಲ್ಲ.

ಒಂದು ಮೋಸವೂ ಇದೆ. ಮೂರೂ ಬಣ್ಣದ ಬೆಳಕನ್ನು ಒಟ್ಟು ಸೇರಿಸಿ ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ಸರಿಯಾಗಿಯೇ ಕಾಣಬಹುದು, ಆದರೆ ಚಿನ್ನದ ಬಣ್ಣದಲ್ಲಿ ಕೆಂಪು ಪಾಲು ಜಾಸ್ತಿ. ಹಾಗಾಗಿ ಕೆಂಪು ಚಾನೆಲ್ ಮೊದಲೇ ತುಂಬಿಹೋಗಿರುತ್ತದೆ. ಜಿಂಪ್‌ನ ಲೆವೆಲ್ಸ್‌ನಲ್ಲಿ 'ರೆಡ್' ಆರಿಸಿ ನೋಡಿದರೆ ಗುಟ್ಟು ರಟ್ಟಾಗುತ್ತದೆ.

ಎಡಗೋಡೆಯ ಕಥೆ ಸ್ವಲ್ಪ ಬೇರೆ. ಪೂರ್ತಿ 0 ಆಗದ ಕತ್ತಲಲ್ಲಿ ಏನಾದರೂ ಉಳಿದಿರುತ್ತದೆ, ಎತ್ತಿದರೆ ಕಾಣುತ್ತದೆ, ಜೊತೆಗೆ ಬಣ್ಣದ ಕಾಳುಗಳೂ (ನಾಯ್ಸ್) ಏಳುತ್ತವೆ. ಕಾಂಪ್ಯಾಕ್ಟ್‌ಗಳಲ್ಲಿ ಸಾಮಾನ್ಯವಾಗಿ ಇರುವ ಸೆನ್ಸರ್ ಸುಮಾರು 6.2 × 4.6 ಮಿಲಿಮೀಟರ್. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 36 × 24. ಅಂದರೆ ವಿಸ್ತೀರ್ಣ 30 ಪಟ್ಟು ಕಡಿಮೆ. ಹಿಡಿದ ಬೆಳಕೇ ಅಷ್ಟಕ್ಕಷ್ಟೆ, ನಾಯ್ಸ್ ಏಳದೆ ಇನ್ನೇನಾಗುತ್ತದೆ?

ಹೋದ ಬೆಳಕು ಬರುವುದಿಲ್ಲ, ಕತ್ತಲೆ ಸ್ವಲ್ಪವಾದರೂ ಎತ್ತಬಹುದು ಅಂದಮೇಲೆ ಕ್ಯಾಮೆರಾ ಹಿಡಿದಾಗಲೇ ಯಾವ ಕಡೆ ವಾಲಬೇಕು ಅಂತ ಗೊತ್ತಾಯಿತಲ್ಲ. ಯಕ್ಷಗಾನದ ರಂಗವನ್ನೇ ನೋಡಿ. ಹಿಂದೆ ಕಪ್ಪು ಪರದೆ, ಮುಂದೆ ಬೆಳಕಿನಲ್ಲಿ ವೇಷ. ಆಟೋ ಮೋಡ್ ಇಡೀ ಚೌಕಟ್ಟಿನ ಸರಾಸರಿ ನೋಡಿ "ಅಯ್ಯೋ ಕತ್ತಲೆ" ಅಂತ ಬೆಳಕು ಏರಿಸುತ್ತದೆ, ಕಿರೀಟ, ಮುಖವರ್ಣಿಕೆ ಎಲ್ಲ ಬಿಳುಚಿ ಹೋಗುತ್ತವೆ. ಪ್ಲಸ್ ಮೈನಸ್ ಗುರುತಿನ ಸೆಟ್ಟಿಂಗ್ ಹುಡುಕಿ −0.7 ಅಥವಾ −1 ಮಾಡಿ. ಹಲವು ಕಾಂಪ್ಯಾಕ್ಟ್‌ಗಳಲ್ಲಿ 'ಡಿಸ್ಪ್' (DISP) ಗುಂಡಿ ಒತ್ತಿದರೆ ಕ್ಯಾಮೆರಾದ ಪರದೆಯ ಮೇಲೇ ಹಿಸ್ಟೋಗ್ರಾಮ್ ಬರುತ್ತದೆ, ಬಲಗೋಡೆಗೆ ಅಂಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮನೆಗೆ ಬಂದ ಮೇಲೆ ಗಾಮಾ ಸ್ವಲ್ಪ ಏರಿಸಿದರೆ ವೇಷದ ಬಣ್ಣ ಎದ್ದು ಬರುತ್ತದೆ. ಹಿಂದಿನ ಪರದೆ ಕಪ್ಪಾಗಿಯೇ ಇರಲಿ ಬಿಡಿ. ಅಲ್ಲಿ ಎತ್ತಿ ತೋರಿಸುವುದಕ್ಕೆ ಇರುವುದು ಮೈಕಿನ ವೈರು, ಪ್ಲಾಸ್ಟಿಕ್ ಕುರ್ಚಿ, ಅಷ್ಟೇ.