ಪದ ಪರಿಚಯ: ಸಂಗೋಮಾ

ದಕ್ಷಿಣ ಆಫ್ರಿಕಾದ ಜುಲು ಜನರಲ್ಲಿ, ತೀರಿಹೋದ ಹಿರಿಯರನ್ನು ಕೇಳಿ ಕಾಯಿಲೆ ಯಾಕೆ ಬಂತು ಅಂತ ಹೇಳುವವರೇ ಸಂಗೋಮಾ. ಗಂಡಸರೂ ಇದ್ದಾರೆ, ಆದರೆ ಹೆಂಗಸರೇ ಜಾಸ್ತಿ. ಬೇರು, ತೊಗಟೆಯ ಮದ್ದು ಕೊಡುವ ನಾಟಿ ವೈದ್ಯರು ಬೇರೆ, ಅವರು ಇನ್ಯಾಂಗಾ. ಈಗೀಗ ಎರಡೂ ಕೆಲಸವನ್ನು ಒಬ್ಬರೇ ಮಾಡುವುದುಂಟು.

ಬಯಸಿದವರೆಲ್ಲ ಸಂಗೋಮಾ ಆಗುವಂತಿಲ್ಲ, ಹಿರಿಯರ ಕರೆ ಬರಬೇಕು. ಏನು ಮಾಡಿದರೂ ವಾಸಿಯಾಗದ ಕಾಯಿಲೆ, ಮತ್ತೆ ಮತ್ತೆ ಬೀಳುವ ಕನಸು, ಇವೇ ಆ ಕರೆ ಅನ್ನುವುದು ಅಲ್ಲಿಯವರ ನಂಬಿಕೆ. ಆಮೇಲೆ ಗುರುವಿನ ಮನೆಯಲ್ಲಿದ್ದು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಕಲಿಯುತ್ತಾರೆ. ಬಚ್ಚಿಟ್ಟ ವಸ್ತುವನ್ನು ಹುಡುಕಿ ತೆಗೆಯುವುದು ಕೊನೆಯ ಪರೀಕ್ಷೆ.

ಕಾಯಿಲೆ ನೋಡುವ ರೀತಿಯಂತೂ ವಿಶೇಷ. ಇಂಪೆಪೋ ಅನ್ನುವ ಒಣ ಗಿಡಕ್ಕೆ ಬೆಂಕಿ ತಾಗಿಸಿ ಹೊಗೆ ಹಾಕುತ್ತಾರೆ. ಚಾಪೆಯ ಮೇಲೆ ಮೂಳೆ, ಚಿಪ್ಪು, ನಾಣ್ಯಗಳನ್ನು ಚೆಲ್ಲಿ, ಯಾವುದು ಯಾವುದರ ಪಕ್ಕ ಬಿತ್ತು ಅಂತ ನೋಡುತ್ತಾರೆ. ಇನ್ನೊಂದು ಪದ್ಧತಿಯಲ್ಲಿ ಬಂದವರು ತಮ್ಮ ಕಷ್ಟ ಹೇಳಿಕೊಳ್ಳುವುದೇ ಇಲ್ಲ. ಸಂಗೋಮಾ ಒಂದೊಂದೇ ಮಾತು ಹೇಳಿ 'ವುಮಾನಿ ಬೋ', ಅಂದರೆ ಹೌದು ಅನ್ನಿ, ಅನ್ನುತ್ತಾರೆ. ಮನೆಯವರೆಲ್ಲ ಚಪ್ಪಾಳೆ ತಟ್ಟಿ 'ಸಿಯಾವುಮಾ' ಅನ್ನಬೇಕು. ಮಾತು ಸರಿಯಿದ್ದರೆ ದನಿ ಏರುತ್ತದೆ, ತಪ್ಪಿದ್ದರೆ ಸಪ್ಪೆಯಾಗುತ್ತದೆ. ಮುನಿಸಿಕೊಂಡ ಅಣ್ಣತಮ್ಮಂದಿರೂ ಒಟ್ಟಿಗೆ ಕೂತು ದನಿಗೂಡಿಸಬೇಕು ಅಲ್ವಾ! ಸಂಗೋಮಾರ ದೊಡ್ಡ ಕೆಲಸ ಇದೇ ಅಂತ ನನಗೆ ಅನ್ನಿಸುತ್ತದೆ. ಕ್ಲಿನಿಕ್ಕಿನಲ್ಲಿ ಟಿಬಿಗೆ ಮಾತ್ರೆ ಸಿಗುತ್ತದೆ. 'ನಮ್ಮ ಮನೆಗೇ ಯಾಕೆ ಬಂತು' ಅನ್ನುವ ಸಂಕಟವನ್ನು ಕೂತು ಕೇಳುವವರು ಇವರು.

1957ರ ಕಾನೂನಿನಲ್ಲಿ ದುಡ್ಡಿಗೆ ಕಣಿ ಹೇಳುವುದು ಅಪರಾಧವಾಗಿತ್ತು. 2007ರ ಕಾಯ್ದೆ ಸಂಗೋಮಾ, ಇನ್ಯಾಂಗಾ, ಸೂಲಗಿತ್ತಿಯರು ಮತ್ತು ಸುನ್ನತಿ ಮಾಡುವವರನ್ನು ಸಾಂಪ್ರದಾಯಿಕ ಆರೋಗ್ಯ ಸೇವಕರು ಅಂತ ಒಪ್ಪಿಕೊಂಡಿತು.

ಹಾಗಂತ ಎಲ್ಲಕ್ಕೂ ಅವರನ್ನೇ ನಂಬಿ ಕೂರುವುದು ಅಪಾಯ. ಎಚ್‌ಐವಿ ಮಾತ್ರೆ ನಿಲ್ಲಿಸಿ ಬರೀ ಬೇರಿನ ಕಷಾಯ ಕುಡಿದರೆ ಜೀವಕ್ಕೇ ಕುತ್ತು. ಅದಕ್ಕೇ ಹಲವು ಕಡೆ ಸಂಗೋಮಾಗಳಿಗೇ ತರಬೇತಿ ಕೊಡುತ್ತಿದ್ದಾರೆ. ಬಿಡದ ಕೆಮ್ಮು ಕಂಡರೆ ಕ್ಲಿನಿಕ್ಕಿಗೆ ಕಳಿಸಬೇಕು. ಚರ್ಮ ಗೀರಿ ಮದ್ದು ತುಂಬುವಾಗ ಕೈಗವಸು ಹಾಕಬೇಕು, ಒಬ್ಬೊಬ್ಬರಿಗೂ ಹೊಸ ಬ್ಲೇಡನ್ನೇ ಬಳಸಬೇಕು.