ಔಷಧಿಗೆ ತಡೆ ಇಲ್ಲ, ದುಡ್ಡಿಗೆ ದಾರಿ ಇಲ್ಲ

2019ರ ಮಳೆಗಾಲದಲ್ಲಿ ನನ್ ಹತ್ರ ಒಬ್ರು ಬಂದಿದ್ರು, ಜಿಗಣಿ ಕಡೆ ಸಣ್ಣ ಔಷಧಿ ಫ್ಯಾಕ್ಟರಿ ಇಟ್ಕೊಂಡಿರೋರು. ಕೈಲಿ ಟೆಹ್ರಾನ್‌ನಿಂದ ಬಂದ ಇಂಜೆಕ್ಷನ್ ಆರ್ಡರು, ಜೊತೆಗೆ ಅಮೆರಿಕದ ಖಜಾನೆ ಇಲಾಖೆ ವೆಬ್‌ಸೈಟಿಂದ ಪ್ರಿಂಟ್ ತೆಗ್ದಿದ್ದ ನಾಲ್ಕು ಹಾಳೆ, ಅದರಲ್ಲಿ ಬೇಕಾದ ಸಾಲಿಗೆಲ್ಲ ಹಳದಿ ಬಣ್ಣ ಬಳಿದಿದ್ರು. "ನೋಡಿ ಸಾರ್, ಅವ್ರೇ ಬರ್ದಿದಾರೆ, ಔಷಧಿಗೆ ನಿರ್ಬಂಧ ಇಲ್ಲ ಅಂತ, ಮತ್ಯಾಕೆ ನಮ್ ಬ್ಯಾಂಕ್‌ನೋರು ಆಗಲ್ಲ ಅಂತಾರೆ?" ಅಂದ್ರು. ನಾನು ಹೇಳಿದ್ದು, ನೀವೂ ಸರಿ, ಬ್ಯಾಂಕ್‌ನೋರೂ ಸರಿ ಅಂತ. ಅವರಿಗೆ ಸಿಟ್ಟು ಬಂತು. ಬರ್ಬೇಕಾದ್ದೇ.

ರಫ್ತು ಬಿಲ್ಲು, ಎಲ್‌ಸಿ (ಕೊಳ್ಳೋರ ಬ್ಯಾಂಕು ದುಡ್ಡಿಗೆ ಕೊಡೋ ಖಾತ್ರಿ ಪತ್ರ), ಬ್ಯಾಂಕ್ ಬ್ಯಾಂಕಿನ ಮಧ್ಯೆ ಓಡಾಡೋ ಸ್ವಿಫ್ಟ್ ಮೆಸೇಜು ಇವುಗಳ ಮಧ್ಯೆನೇ ಕೂದಲು ಬೆಳ್ಳಗಾದವನು ನಾನು. ಅಮೆರಿಕ ನಿರ್ಬಂಧ ಹಾಕಿರೋ ಇರಾನ್ ವಿಷ್ಯದಲ್ಲಿ ಜನ ಕೇಳೋ ಪ್ರಶ್ನೆ ಯಾವಾಗ್ಲೂ ಒಂದೇ, ಔಷಧಿಗೆ ವಿನಾಯಿತಿ ಇದೆಯೋ ಇಲ್ವೋ ಅಂತ. ಇದೆ. ಅಮೆರಿಕದಲ್ಲಿ 2000ದಲ್ಲೇ ಇದಕ್ಕೊಂದು ಕಾಯ್ದೆ ಬಂತು, ಆಹಾರ, ಔಷಧಿ, ವೈದ್ಯಕೀಯ ಸಾಮಾನನ್ನ ನಿರ್ಬಂಧದಿಂದ ಹೊರಗಿಡೋಕೆ, ಆಮೇಲೆ ಬಂದ ನಿಯಮಗಳಲ್ಲಿ ಬಹುಪಾಲು ಔಷಧಿಗೆ ಪ್ರತಿ ಸಲ ಅರ್ಜಿ ಹಾಕೋದೂ ಬೇಡ, ಸಾಮಾನ್ಯ ಪರವಾನಗಿ ಸಾಕು. ಇರಾನ್ ಜೊತೆ ವ್ಯಾಪಾರ ಮಾಡಿದ್ರೆ ನಮ್ಮಂಥ ಬೇರೆ ದೇಶದೋರ ಮೇಲೆ ಬೀಳೋ ನಿರ್ಬಂಧದಲ್ಲೂ ಊಟ, ಔಷಧಿ ವ್ಯಾಪಾರಕ್ಕೆ ವಿನಾಯಿತಿ ಬರ್ದಿದ್ದಾರೆ. ಆದ್ರೆ ಈ ವಿನಾಯಿತಿ ಇರೋದು ಮಾಲಿಗೆ. ಮಾಲಿನ ದುಡ್ಡು ಯಾವ ದಾರೀಲಿ ಬರ್ಬೇಕು ಅನ್ನೋದು ಬೇರೆ ಕಥೆ, ಆ ಕಥೆ ಅರ್ಥ ಆಗ್ಬೇಕು ಅಂದ್ರೆ ಔಷಧಿ ಬಿಟ್ಟು ಕಚ್ಚಾತೈಲದ ಹಿಂದೆ ಹೋಗ್ಬೇಕು.

ನಮ್ಮ ಮಂಗಳೂರಿನ ತೈಲ ರಿಫೈನರಿ ಎಂಆರ್‌ಪಿಎಲ್ ಒಂದ್ ಕಾಲಕ್ಕೆ ಇರಾನ್ ತೈಲದ ದೊಡ್ಡ ಗಿರಾಕಿಗಳಲ್ಲಿ ಒಂದು. ಮೊದ್ಲು ಈ ತೈಲದ ಹಣ ಏಷ್ಯನ್ ಕ್ಲಿಯರಿಂಗ್ ಯೂನಿಯನ್ ಅನ್ನೋ, ಕೆಲವು ದೇಶಗಳ ಸೆಂಟ್ರಲ್ ಬ್ಯಾಂಕುಗಳು ಲೆಕ್ಕ ಚುಕ್ತಾ ಮಾಡ್ಕೊಳ್ಳೋ ವ್ಯವಸ್ಥೆ ಮೂಲಕ ಹೋಗ್ತಿತ್ತು, 2010ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನ ನಿಲ್ಲಿಸ್ತು. ಆಮೇಲೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದ ಒಂದು ಇರಾನಿ ಬ್ಯಾಂಕು, ಆ ದಾರೀನೂ ಮುಚ್ಚಿಹೋಯ್ತು, ಆಮೇಲೆ ಟರ್ಕಿ. ಕೊನೆಗೆ 2012ರಲ್ಲಿ ಬಿಲ್ಲಿನ ಶೇ 45 ಭಾಗನ ರೂಪಾಯಿಯಲ್ಲೇ ಕಟ್ಟೋದು ಅಂತ ಆಯ್ತು, ಹಣ ಬಂದು ಬೀಳೋದು ಯೂಕೋ ಬ್ಯಾಂಕಿನ ಖಾತೆಗೆ. ಅಮೆರಿಕದಲ್ಲಿ ಬ್ರಾಂಚ್ ಇಲ್ಲದ ಬ್ಯಾಂಕು ಅದು, ಅದಕ್ಕೇ ಅದನ್ನ ಆರ್ಸಿದ್ದು. ಆ ರೂಪಾಯಿ ಇರಾನ್‌ಗೆ ಹೋಗ್ತಿರ್ಲಿಲ್ಲ, ಇಲ್ಲೇ ಕೂತಿರ್ತಿತ್ತು, ಇರಾನಿನೋರು ಅದ್ರಲ್ಲಿ ನಮ್ಮಿಂದ ಬಾಸ್ಮತಿ, ಚಹಾ, ಸೋಯಾ ಹಿಂಡಿ, ಔಷಧಿ ತಗೊಳ್ತಿದ್ರು. ಡಾಲರ್ ಇಲ್ಲ, ಡಾಲರ್ ಹಾದುಹೋಗೋ ನ್ಯೂಯಾರ್ಕ್ ಬ್ಯಾಂಕುಗಳೂ ಇಲ್ಲ. ಮಂಗಳೂರಿನ ರಿಫೈನರಿ ಕಟ್ಟಿದ ದುಡ್ಡು ಸುತ್ತಿ ಬಳಸಿ ಹರಿಯಾಣದ ಅಕ್ಕಿ ಮಿಲ್ಲಿಗೋ ಜಿಗಣಿಯ ಫ್ಯಾಕ್ಟರಿಗೋ ಸೇರ್ತಿತ್ತು ಅಂತಿಟ್ಕೊಳಿ.

2018ರಲ್ಲಿ ಟ್ರಂಪ್ ಇರಾನ್ ಜೊತೆಗಿನ ಅಣು ಒಪ್ಪಂದದಿಂದ ಹೊರಗೆ ಬಂದ್ಮೇಲೂ ಈ ಖಾತೆ ಸಾಯ್ಲಿಲ್ಲ, ಭಾರತ ಸೇರಿ ಎಂಟು ಕಡೆಗಳಿಗೆ ಆರು ತಿಂಗಳು ತೈಲ ತಗೊಳ್ಳೋಕೆ ಬಿಟ್ಟಿದ್ರು. ಆ ಗಡುವು 2019ರ ಮೇ 2ಕ್ಕೆ ಮುಗೀತು, ನಾವು ತೈಲ ನಿಲ್ಲಿಸಿದ್ವಿ. ಔಷಧಿ ಬಗ್ಗೆ ಯಾರೂ ಒಂದು ಅಕ್ಷರಾನೂ ಬದಲಾಯಿಸ್ಲಿಲ್ಲ, ವಿನಾಯಿತಿ ಹಾಗೇ ಇತ್ತು. ಆದ್ರೆ ಖಾತೆಗೆ ಹೊಸ ರೂಪಾಯಿ ಬರೋದು ನಿಂತ್ಹೋಯ್ತು. ಒಳಹರಿವು ನಿಂತ ಕೆರೆ ಥರ, ಇರೋ ನೀರು ಇರೋವರೆಗೆ. 2018-19ರಲ್ಲಿ ನಮ್ಮ ಬಾಸ್ಮತಿಯ ಅತಿ ದೊಡ್ಡ ಗಿರಾಕಿ ಇರಾನ್, ಅವರಿಗೆ ಆ ಅಕ್ಕಿ ಬಾಕಿನೇ ತೀರಿಸೋಕೆ ಆಗ್ದೆ ಇದ್ದಾಗ ಔಷಧಿಯೋರ ಪಾಡು ಕೇಳ್ಬೇಕಾ. ಜಿಗಣಿಯೋರು ನನ್ ಹತ್ರ ಬಂದಿದ್ದು ಈ ಹೊತ್ತಲ್ಲೇ. ಅದೇ ಸೆಪ್ಟೆಂಬರ್‌ನಲ್ಲಿ ಅಮೆರಿಕದೋರು ಇರಾನಿನ ಸೆಂಟ್ರಲ್ ಬ್ಯಾಂಕನ್ನೇ ಭಯೋತ್ಪಾದನೆ ಪಟ್ಟಿಗೆ ಹಾಕಿದ್ರು, ಅಲ್ಲಿಗೆ ಆ ಬ್ಯಾಂಕ್ ಮೂಲಕ ಔಷಧಿ ದುಡ್ಡು ಬಂದ್ರೂ ವಿನಾಯಿತಿ ಅನ್ವಯ ಆಗುತ್ತಾ ಅನ್ನೋದೇ ಗೊಂದಲ ಆಯ್ತು, ಅದನ್ನ ಸರಿ ಮಾಡೋಕೆ ಇನ್ನೊಂದು ಪರವಾನಗಿ ಹೊರಬಂದಿದ್ದು 2020ರ ಫೆಬ್ರವರಿ ಕೊನೇಲಿ.

ಇನ್ನು ಬ್ಯಾಂಕ್‌ನೋರ ಕಡೆಯಿಂದ ನೋಡಿ. 2014ರಲ್ಲಿ ಬಿಎನ್‌ಪಿ ಪರಿಬಾ ಅನ್ನೋ ಫ್ರೆಂಚ್ ಬ್ಯಾಂಕಿಗೆ ಅಮೆರಿಕ ಹಾಕಿದ ದಂಡ ಸುಮಾರು 890 ಕೋಟಿ ಡಾಲರ್, ಸುಡಾನ್, ಇರಾನ್, ಕ್ಯೂಬಾ ವ್ಯವಹಾರಕ್ಕೆ. ಮೂವತ್ತು ಲಕ್ಷ ರೂಪಾಯಿ ಔಷಧಿ ಬಿಲ್ಲಲ್ಲಿ ಬ್ಯಾಂಕಿಗೆ ಸಿಗೋ ಕಮಿಷನ್ ಕೆಲವು ಸಾವಿರ. ಆ ಕೆಲವು ಸಾವಿರಕ್ಕೆ ನಿಯಮ ಪಾಲನೆ ನೋಡ್ಕೊಳ್ಳೋ ಕಂಪ್ಲೈಯನ್ಸ್ ಆಫೀಸರ್ ಒಬ್ರು ಕೂತು, ಕೊಳ್ಳೋರು ಯಾರು, ಅವರ ಬ್ಯಾಂಕ್ ಯಾವುದು, ಹಡಗು ಯಾವುದು, ಇರಾನಿನ ಬಂದರ್ ಅಬ್ಬಾಸ್‌ನಲ್ಲಿ ಮಾಲು ಇಳ್ಸೋ ಕಂಪನಿ ಯಾರದ್ದು ಅಂತೆಲ್ಲ ತಡಕಿ ಸಹಿ ಹಾಕ್ಬೇಕು, ತಪ್ಪಾದ್ರೆ ಕುತ್ತಿಗೆ ಅವರದ್ದು. ಯಾವ ಬುದ್ಧಿವಂತ ಸಹಿ ಹಾಕ್ತಾನೆ ಹೇಳಿ? ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಕೆಟ್ಟೋನಲ್ಲ, ಹೆದರಿದೋನು. ನಾನೂ ಬ್ಯಾಂಕಲ್ಲಿದ್ದಾಗ ಅಂಥ ಫೈಲು ವಾಪಸ್ ಕಳ್ಸಿದ್ದೀನಿ, ಯಾಕೆ ಸುಳ್ಳು ಹೇಳ್ಲಿ.

ಇದನ್ನ ಸರಿ ಮಾಡೋಕೆ ಪ್ರಯತ್ನ ಆಗ್ಲಿಲ್ಲ ಅಂತಲ್ಲ. 2018ರ ಅಕ್ಟೋಬರ್ 3ಕ್ಕೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ, ಇರಾನ್ ಹಾಕಿದ್ದ ಕೇಸಲ್ಲಿ, ಅಮೆರಿಕ ಔಷಧಿ, ಆಹಾರ, ನಾಗರಿಕ ವಿಮಾನಗಳ ಬಿಡಿಭಾಗಕ್ಕೆ ಅಡ್ಡಿ ಮಾಡ್ಬಾರ್ದು, ಪರವಾನಗಿ ಜೊತೆ ಹಣ ಪಾವತಿಗೂ ತಡೆ ಇರ್ಬಾರ್ದು ಅಂತ ಒಮ್ಮತದ ಆದೇಶ ಕೊಡ್ತು. ಅದೇ ದಿನ ಅಮೆರಿಕ, ಆ ಕೇಸಿಗೆ ಆಧಾರ ಆಗಿದ್ದ 1955ರ ಒಪ್ಪಂದವನ್ನೇ ಕೈಬಿಡ್ತೀವಿ ಅಂತ ಘೋಷಿಸ್ತು. ಫ್ರಾನ್ಸ್, ಜರ್ಮನಿ, ಬ್ರಿಟನ್ ಸೇರಿ 2019ರ ಜನವರಿಲಿ, ಇರಾನ್ ಜೊತೆ ಡಾಲರ್ ಇಲ್ದೆ ವ್ಯಾಪಾರ ಮಾಡೋಕೆ ಇನ್‌ಸ್ಟೆಕ್ಸ್ ಅಂತ ಕಂಪನಿ ಕಟ್ಟಿದ್ರು, ಅದರ ಮೊದಲ ವಹಿವಾಟು ಆಗಿದ್ದು 2020ರ ಮಾರ್ಚ್‌ಗೆ, ಕೊನೇದೂ ಅದೇ, 2023ರಲ್ಲಿ ಬಾಗಿಲು ಹಾಕಿದ್ರು. ಸ್ವಿಸ್‌ನೋರದ್ದು ಸ್ವಲ್ಪ ವಾಸಿ, ಅಮೆರಿಕದ ಒಪ್ಪಿಗೆ ಮೊದಲೇ ತಗೊಂಡು 2020ರ ಜನವರಿಲಿ ಕ್ಯಾನ್ಸರ್ ಮತ್ತೆ ಅಂಗಾಂಗ ಕಸಿಗೆ ಬೇಕಾದ ಔಷಧಿ ಸುಮಾರು 23 ಲಕ್ಷ ಯೂರೋದ್ದು ಕಳ್ಸಿದ್ರು. ಎಂಟು ಕೋಟಿಗೂ ಮೀರಿ ಜನ ಇರೋ ದೇಶಕ್ಕೆ ಇದು ಎಷ್ಟಾಯ್ತು?

ನಂಗೆ ಮರೆಯೋಕಾಗ್ದೆ ಇರೋದು ಎಪಿಡರ್ಮೊಲಿಸಿಸ್ ಬುಲ್ಲೋಸಾ ಮಕ್ಕಳ ವಿಷ್ಯ. ಮುಟ್ಟಿದ್ರೆ ಚರ್ಮ ಕಿತ್ತು ಬರೋ ಕಾಯಿಲೆ, ಅಂಟದ ಫೋಮ್ ಪಟ್ಟಿ ಹಾಕಿದ್ರೆ ನೋವು ಕಮ್ಮಿ, ಮಾಮೂಲಿ ಬಟ್ಟೆ ಪಟ್ಟಿ ಆದ್ರೆ ಬಿಚ್ಚೋವಾಗ ಚರ್ಮಾನೂ ಜೊತೆಗೇ. ಆ ಪಟ್ಟಿ ಮಾಡೋ ಸ್ವೀಡನ್ ಕಂಪನಿ 2018ರಲ್ಲಿ ಇರಾನಿಗೆ ಕಳ್ಸೋದು ನಿಲ್ಲಿಸ್ತು. ಪಟ್ಟಿಗೆ ನಿರ್ಬಂಧ ಇರ್ಲಿಲ್ಲ.

ಹಾಗಂತ ಎಲ್ಲಾ ತಪ್ಪು ಹೊರಗಿನೋರ ತಲೆಗೆ ಕಟ್ಟೋದೂ ಸರಿ ಅಲ್ಲ. 2012ರಲ್ಲಿ ಇರಾನಿನ ಆರೋಗ್ಯ ಮಂತ್ರಿ ಮರ್ಜಿಯೆ ವಾಹಿದ್ ದಸ್ತ್‌ಜೆರ್ದಿ, ಔಷಧಿಗೆ ಅಂತ ಇಟ್ಟ ವಿದೇಶಿ ವಿನಿಮಯ ನಮ್ ಕೈಗೆ ಬರ್ತಿಲ್ಲ, ಐಷಾರಾಮಿ ಕಾರಿಗೆ ಹೋಗ್ತಿದೆ ಅಂತ ಬಹಿರಂಗವಾಗಿ ಅಂದ್ರು. ಡಿಸೆಂಬರ್‌ನಲ್ಲಿ ಅವರನ್ನೇ ತೆಗೆದ್ರು.

ವಿಶ್ವಸಂಸ್ಥೆ ನಿರ್ಬಂಧ ಇದ್ದ ಕಾಲದ ಇರಾಕ್‌ನದ್ದು ಇದಕ್ಕೆ ತಿರುವುಮುರುವು. ಅಲ್ಲಿ 1996ರಿಂದ ತೈಲಕ್ಕೆ ಬದಲು ಆಹಾರ ಯೋಜನೆ ಅಂತ, ದುಡ್ಡಿಗೆ ದಾರಿ ಇತ್ತು, ತೈಲ ಮಾರಿದ ಹಣ ವಿಶ್ವಸಂಸ್ಥೆ ಕೈಯಲ್ಲಿದ್ದ ಖಾತೆಗೆ, ಆ ಖಾತೆ ಇದ್ದಿದ್ದು ನ್ಯೂಯಾರ್ಕ್‌ನಲ್ಲಿ, ಮೇಲೆ ಹೇಳಿದ ಆ ಫ್ರೆಂಚ್ ಬ್ಯಾಂಕಲ್ಲೇ. ಅಲ್ಲಿ ಸಿಕ್ಕಾಕೊಂಡಿದ್ದು ಮಾಲು. ಕ್ಲೋರಿನ್, ನೀರಿನ ಪಂಪಿನ ಬಿಡಿಭಾಗ, ಎಲ್ಲದಕ್ಕೂ ಸೈನ್ಯಕ್ಕೂ ಬಳಸ್ಬೋದು ಅಂತ ಭದ್ರತಾ ಮಂಡಳಿಯ ನಿರ್ಬಂಧ ಸಮಿತಿಲಿ ತಡೆ, 2002ರ ಮಧ್ಯದಲ್ಲಿ 500 ಕೋಟಿ ಡಾಲರ್‌ಗೂ ಮೀರಿದ ಸಾಮಾನು ಹಾಗೆ ನಿಂತಿತ್ತು. ಯೋಜನೆ ನಡೆಸ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ ರಾಜೀನಾಮೆ ಕೊಟ್ರು, ಅವರ ಜಾಗಕ್ಕೆ ಬಂದ ಹಾನ್ಸ್ ಫಾನ್ ಸ್ಪೊನೆಕ್ 2000ದಲ್ಲಿ. ಆಮೇಲೆ ಈ ಯೋಜನೇಲಿ ನಡೆದ ಲಂಚದ ಬಗ್ಗೆ ವೋಲ್ಕರ್ ವರದಿ, ಅದ್ರಿಂದ ನಟವರ್ ಸಿಂಗ್ ವಿದೇಶಾಂಗ ಖಾತೆ ಕಳ್ಕೊಂಡಿದ್ದು ನಮ್ಮೋರಿಗೆ ನೆನಪಿರ್ಬೇಕು.

2022ರ ಡಿಸೆಂಬರ್ 9ಕ್ಕೆ ಭದ್ರತಾ ಮಂಡಳಿ 2664ನೇ ನಿರ್ಣಯ ತಂತು, ವಿಶ್ವಸಂಸ್ಥೆ ಮಾಡೋ ಆಸ್ತಿ ಮುಟ್ಟುಗೋಲಿಗೆ ಸಂಬಂಧಿಸಿ ಮಾನವೀಯ ನೆರವಿಗೆಲ್ಲ ಒಟ್ಟಾಗಿ ವಿನಾಯಿತಿ. ಹದಿನಾಲ್ಕು ದೇಶ ಪರ, ದೂರ ಉಳಿದಿದ್ದು ಒಂದೇ, ನಮ್ಮ ಭಾರತ, ಅದೂ ಆ ತಿಂಗಳು ಅಧ್ಯಕ್ಷ ಸ್ಥಾನ ನಮ್ದೇ. ನೆರೆಯಲ್ಲಿರೋ ಉಗ್ರ ಸಂಘಟನೆಗಳು ದಾನಧರ್ಮದ ಹೆಸರು ಇಟ್ಕೊಂಡು ಇದನ್ನೇ ಬಳಸ್ಕೊಳ್ತಾರೆ ಅನ್ನೋದು ನಮ್ಮ ವಾದ, ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಆ ನಿರ್ಣಯ ಅಮೆರಿಕ ತಾನೇ ಹಾಕಿದ ನಿರ್ಬಂಧಕ್ಕೆ ಅನ್ವಯ ಆಗಲ್ಲ, ಜಿಗಣಿಯೋರಿಗೆ ಅದ್ರಿಂದ ಏನೂ ಉಪಯೋಗ ಇಲ್ಲ.

ಅವರ ಕಥೆ ಏನಾಯ್ತು ಅಂದ್ರೆ, ಕೊಳ್ಳೋರು ದುಬೈನ ಒಂದು ಎಕ್ಸ್‌ಚೇಂಜ್ ಹೌಸಿಂದ, ಅಂದ್ರೆ ಹಣ ಬದಲಾಯಿಸಿ ಕಳ್ಸೋ ಅಂಗಡಿಯಿಂದ, ದುಡ್ಡು ಹಾಕಿಸ್ತೀವಿ ಅಂದ್ರು, ನಾನು ಬೇಡ ಅಂದೆ. ಮಾಲು ನೂರಕ್ಕೆ ನೂರು ಔಷಧಿನೇ ಆಗಿರ್ಲಿ, ದುಡ್ಡು ಮೂರನೇ ಯಾರದ್ದೋ ಹೆಸರಲ್ಲಿ ಬಂದ್ರೆ ವಿನಾಯಿತಿ ಕಾಗದ ಇಟ್ಕೊಂಡು ಏನ್ ಮಾಡೋದು. ಕೊನೆಗೆ ಯೂಕೋ ಬ್ಯಾಂಕಿನ ಆ ಖಾತೇಲಿ ಉಳ್ದಿದ್ದ ರೂಪಾಯಿಂದಲೇ ಎಲ್‌ಸಿ ತೆರೆಸಿದ್ರು, ಹಣನೂ ಬಂತು, ಅಷ್ಟೊತ್ತಿಗೆ ಔಷಧಿಯ ಎಕ್ಸ್‌ಪೈರಿಲಿ ಏಳು ತಿಂಗಳು ಖರ್ಚಾಗಿತ್ತು, ಅದಕ್ಕೆ ರೇಟಲ್ಲಿ ಕಡಿತ ಬೇರೆ. ಈಗ ಯಾರಾದ್ರೂ ಅಂಥ ಆರ್ಡರ್ ಹಿಡ್ಕೊಂಡು ಬಂದ್ರೆ ನಾನು ಪರವಾನಗಿ ಹಾಳೆ ನೋಡೋಕೆ ಹೋಗಲ್ಲ, ಮೊದಲು ಕೇಳೋದು ಕೊಳ್ಳೋರ ಬ್ಯಾಂಕ್ ಯಾವುದು, ಎರಡನೇದು ನಿಮ್ಮ ಬ್ಯಾಂಕ್‌ನೋರು ದುಡ್ಡು ತಗೋತೀವಿ ಅಂತ ಬರವಣಿಗೆಯಲ್ಲಿ ಕೊಟ್ಟಿದಾರಾ ಅಂತ. ಮಾಲು ತಯಾರ್ ಮಾಡೋದು ಆಮೇಲೆ.