ಮೂರು ನಿಮಿಷ ಕಳೆದ ಮೇಲೂ ಡ್ರೈಯರ್ ತಿರುಗಿಸುವವರಿಗೆ

ಮಳೆಗಾಲ ಹಿಡಿದು ಗಣೇಶ ಚೌತಿ ಮುಗಿಯುವವರೆಗೆ ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ನನಗೆ ರಿಪೇರಿಗೆ ಕರೆ ಮಾಡುವವರಲ್ಲಿ ಹೆಚ್ಚಿನವರ ದೂರು ಒಂದೇ: ಮೆಷಿನ್ ಚೆನ್ನಾಗಿ ಒಗೆಯುತ್ತದೆ, ಆದರೆ ಡ್ರೈಯರ್ ಬಟ್ಟೆ ಒಣಗಿಸುತ್ತಿಲ್ಲ. ಹೋಗಿ ನೋಡಿದರೆ ಬಹುತೇಕ ಮನೆಗಳಲ್ಲಿ ಡ್ರೈಯರ್ ನೀರು ಹಿಂಡುವ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಒಂದು ಕಡೆ ಒಗೆಯುವ ತೊಟ್ಟಿ, ಪಕ್ಕದಲ್ಲಿ ಡ್ರೈಯರ್ ಎಂದು ಕರೆಯುವ, ತೂತುಗಳಿರುವ ಚಿಕ್ಕ ತಿರುಗು ತೊಟ್ಟಿ ಇರುವ, ತೊಂಬತ್ತರ ದಶಕದಲ್ಲಿ ಕೊಂಡ ಹಳೆಯ ಸೆಮಿ ಆಟೊಮ್ಯಾಟಿಕ್ ಯಂತ್ರಗಳ ಬಗ್ಗೆ ಹೇಳುತ್ತಿದ್ದೇನೆ. ಉಪ್ಪುಗಾಳಿಗೆ ತಗಡಿನ ಅಡಿಭಾಗ ತುಕ್ಕು ಹಿಡಿದಿದ್ದರೂ ಇವು ಇನ್ನೂ ಓಡುತ್ತಿವೆ. ಅವುಗಳ ಮೇಲೆ ನನಗೆ ಪ್ರೀತಿಯೂ ಇದೆ.

ಕುಮಟಾದ ನಿವೃತ್ತ ಅಕ್ಕೋರೊಬ್ಬರು (ಶಿಕ್ಷಕಿ) ಕಳೆದ ಆಷಾಢದಲ್ಲಿ ಕರೆಸಿದ್ದರು. “ತಮ್ಮಾ, ಐದೈದು ನಿಮಿಷದಂತೆ ನಾಲ್ಕು ಸಲ ತಿರುಗಿಸಿದೆ, ಸೀರೆ ಇನ್ನೂ ತಣ್ಣಗೇ ಇದೆ. ಮೋಟಾರು ಹೋಯಿತೇನೋ ನೋಡು” ಎಂದರು. ಮೋಟಾರು ಹೋಗಿರಲಿಲ್ಲ, ಆದರೆ ಹೋಗುವ ದಾರಿಯಲ್ಲಿತ್ತು. ಹಿಂದಿನ ಮುಚ್ಚಳ ಬಿಚ್ಚಿದೊಡನೆ ಕ್ವಾಯಿಲಿನ ವಾರ್ನಿಷ್ ಕಾದ ವಾಸನೆ ಬಂತು. ಅದು ತಣಿದ ಮೇಲೆ ಎರಡು ಟವೆಲ್ ನೆನೆಸಿ ಹಾಕಿ, ನೀರು ಹೋಗುವ ಪೈಪಿನ ತುದಿಯನ್ನು ಬಕೆಟ್ಟಿಗೆ ಬಿಟ್ಟು, “ಅಕ್ಕೋರೇ, ಗಡಿಯಾರ ಹಿಡಿದುಕೊಂಡು ಪೈಪನ್ನೇ ನೋಡುತ್ತಿರಿ” ಎಂದೆ. ಮೊದಲ ಅರ್ಧ ನಿಮಿಷ ನೀರು ಧಾರೆಯಾಗಿ ಬಿತ್ತು, ಒಂದು ನಿಮಿಷದ ಹೊತ್ತಿಗೆ ನೂಲಿನಷ್ಟಾಯಿತು, ಆಮೇಲೆ ಬಿಟ್ಟು ಬಿಟ್ಟು ಹನಿ, ಮೂರನೆಯ ನಿಮಿಷಕ್ಕೆ ಅದೂ ನಿಂತಿತು. ತೊಟ್ಟಿ ಮಾತ್ರ ಅದೇ ವೇಗದಲ್ಲಿ ತಿರುಗುತ್ತಲೇ ಇತ್ತು. “ಇಷ್ಟೇಯೋ?” ಎಂದು ಅವರು ಕೇಳಿದ್ದರಲ್ಲಿ ನನ್ನ ಮೇಲೆ ಸಣ್ಣ ಅನುಮಾನವೂ ಇತ್ತೆಂದು ಕಾಣುತ್ತದೆ.

ಅಷ್ಟೇ. ಈ ತೊಟ್ಟಿಯ ಕೆಳಗಿರುವ ಮೋಟಾರು ನಮ್ಮ 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತ) ವಿದ್ಯುತ್ತಿನಲ್ಲಿ ನಿಮಿಷಕ್ಕೆ 1,300ರಿಂದ 1,400 ಸುತ್ತು ತಿರುಗುತ್ತದೆ. ನಡುವೆ ಬೆಲ್ಟ್ ಇಲ್ಲದೆ ನೇರವಾಗಿ ಜೋಡಿಸಿರುವುದರಿಂದ ತೊಟ್ಟಿಗೂ ಅದೇ ವೇಗ. ಆ ವೇಗದಲ್ಲಿ ತೊಟ್ಟಿಯ ಗೋಡೆಗೆ ಒತ್ತಿಕೊಂಡ ಬಟ್ಟೆಯ ಮೇಲೆ ಭೂಮಿಯ ಸೆಳೆತಕ್ಕಿಂತ ಸುಮಾರು 200 ಪಟ್ಟು ಬಲ ಬೀಳುತ್ತದೆ. ಎಳೆಗಳ ನಡುವೆ ನಿಂತ ನೀರನ್ನು ತೂತುಗಳಿಂದ ಹೊರಗೆಸೆಯಲು ಇಷ್ಟು ಸಾಕು. ಆದರೆ ಹತ್ತಿಯ ನೂಲು ತನ್ನ ಒಳಗೇ ಕುಡಿದುಕೊಂಡ ನೀರು ಈ ಬಲಕ್ಕೆ ಬಗ್ಗುವುದಿಲ್ಲ. ಮೂರು ನಿಮಿಷದಲ್ಲಿ ಬಿಡದ ನೀರನ್ನು ಮೂವತ್ತು ನಿಮಿಷ ತಿರುಗಿಸಿದರೂ ಬಿಡುವುದಿಲ್ಲ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ವೇಗವೇ ಹೊರತು ಹೊತ್ತಲ್ಲ. ಹತ್ತಿಬಟ್ಟೆ ಇಂಥ ಯಂತ್ರದಿಂದ ಹೊರಬರುವಾಗ ತನ್ನ ಒಣ ತೂಕದ ಅರ್ಧಕ್ಕಿಂತ ಕಡಿಮೆ ನೀರು ಹೊತ್ತು ಬರುವುದು ಅಪರೂಪ. ಟೆರಿಲಿನ್, ನೈಲಾನ್ ನೀರು ಕುಡಿಯುವುದೇ ಕಡಿಮೆಯಾದ್ದರಿಂದ ಮುಟ್ಟಿದರೆ ಒಣಗಿದಂತೆ ಅನಿಸುತ್ತವೆ; “ಇವರ ಅಂಗಿ ಒಣಗುತ್ತದೆ, ನನ್ನ ಸೀರೆ ಮಾತ್ರ ಒಣಗುವುದಿಲ್ಲ” ಎಂಬ ದೂರಿನ ಮೂಲ ಇದೇ.

ಇನ್ನೂ ನಂಬದವರಿಗೆ ಬಿಲ್ಲಿನ ಭಾಷೆಯಲ್ಲಿ ಹೇಳುತ್ತೇನೆ. ಮೂರು ಕಿಲೋ ಹತ್ತಿಬಟ್ಟೆಯಲ್ಲಿ ಒಂದೂವರೆ ಲೀಟರ್ ನೀರು ಉಳಿದಿದೆ ಎಂದಿಟ್ಟುಕೊಳ್ಳಿ. ಅಷ್ಟು ನೀರು ಆವಿಯಾಗಬೇಕಾದರೆ ಸುಮಾರು ಒಂದು ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಬಿಸಿಲು ಅದನ್ನು ಪುಕ್ಕಟೆ ಕೊಡುವುದರಿಂದ ನಮಗೆ ಅದರ ಬೆಲೆ ತಿಳಿಯುವುದಿಲ್ಲ. 150 ವಾಟ್ ಎಳೆಯುವ ಮೋಟಾರು ಐದು ನಿಮಿಷದಲ್ಲಿ ಉಪಯೋಗಿಸುವುದು ಆ ಯೂನಿಟ್ಟಿನ ಎಂಬತ್ತರಲ್ಲಿ ಒಂದು ಪಾಲು. ಅದರಲ್ಲೂ ಬಟ್ಟೆಗೆ ಬಿಸಿ ತಾಗುವುದಿಲ್ಲ, ಕಾಯುವುದು ಮೋಟಾರೇ.

ಅಲ್ಲಿಂದಲೇ ನಿಜವಾದ ರಿಪೇರಿ ಶುರುವಾಗುತ್ತದೆ. ಈ ಮೋಟಾರುಗಳನ್ನು ಮಾಡಿರುವುದೇ ಸ್ವಲ್ಪ ಹೊತ್ತು ಓಡಿ ವಿಶ್ರಾಂತಿ ತೆಗೆದುಕೊಳ್ಳಲು. ಟೈಮರು ಐದು ನಿಮಿಷಕ್ಕೆ ನಿಲ್ಲುವುದು ಕಂಪನಿಯವರ ಜಿಪುಣತನದಿಂದಲ್ಲ. ಬಿಡುವಿಲ್ಲದೆ ತಿರುಗಿಸಿದರೆ ಕ್ವಾಯಿಲ್ ಕಾಯುತ್ತದೆ, ತೊಟ್ಟಿಯ ಅಡಿಯ ರಬ್ಬರ್ ಸೀಲ್ ಸವೆಯುತ್ತದೆ, ಸವೆದ ಸೀಲಿನಿಂದ ಸೋರುವ ನೀರು ನೇರವಾಗಿ ಮೋಟಾರಿನ ತಲೆಯ ಮೇಲೆ ಬೀಳುತ್ತದೆ. ಹಾಗೆಂದು ಗುಂಯ್ ಎಂದು ತಿರುಗದೆ ನಿಂತ ಮೋಟಾರೆಲ್ಲ ಸುಟ್ಟಿದೆ ಎಂದೂ ಅಲ್ಲ. ಕರಾವಳಿಯಲ್ಲಿ ಮೋಟಾರಿಗೆ ಚಾಲನೆ ಕೊಡುವ ಕೆಪಾಸಿಟರಿನ ಕಡ್ಡಿಗಳಿಗೆ ಹಸಿರು ಕಿಲುಬು ಹತ್ತಿರುತ್ತದೆ, ಅಥವಾ ಮುಚ್ಚಳಕ್ಕೆ ಕಟ್ಟಿದ ಬ್ರೇಕ್ ವೈರ್ ಸಡಿಲಾಗಿ ಬ್ರೇಕ್ ಬಿಟ್ಟಿರುವುದಿಲ್ಲ. ರಿವೈಂಡಿಂಗಿಗೆ, ಅಂದರೆ ಕ್ವಾಯಿಲ್ ಹೊಸದಾಗಿ ಸುತ್ತಿಸಲು ಕೊಡುವ ಮೊದಲು ಇವೆರಡನ್ನೂ ನೋಡಿಸಿಕೊಳ್ಳಿ. ನೋಡದೆ ಫೋನಿನಲ್ಲಿ ಇದೇ ಎಂದು ನಾನು ಹೇಳಲಾರೆ.

ಮುಚ್ಚಳ ತೆರೆದೊಡನೆ ಮೋಟಾರು ನಿಲ್ಲಿಸುವ ಸ್ವಿಚ್ ತಪ್ಪಿಸಿ ನೇರ ಕನೆಕ್ಷನ್ ಕೊಡಿ ಎಂದು ಕೇಳುವವರಿದ್ದಾರೆ. ಅದನ್ನು ನಾನು ಮಾಡಿಕೊಡುವುದಿಲ್ಲ. ತಿರುಗುವ ತೊಟ್ಟಿಯ ಬಟ್ಟೆಗೆ ಮಗುವಿನ ಬೆರಳು ಸುತ್ತಿಕೊಂಡರೆ ಬಿಡಿಸುವಷ್ಟು ಸಮಯ ಇರುವುದಿಲ್ಲ.

ಸೋಪಿನ ಪುಡಿಯದೂ ಇದೇ ಕಥೆಯ ಇನ್ನೊಂದು ಕೊನೆ. ನಮ್ಮ ಚಿರೆಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಪುಡಿಗೇ ಬೇಕಾದಷ್ಟು ನೊರೆ ಬರುತ್ತದೆ. ಗಡಸು ನೀರಿನ ಊರಿನವರಷ್ಟು ಪುಡಿ ಸುರಿದು ಸರಿಯಾಗಿ ಜಾಲಾಡದೆ ಹಾಕಿದರೆ ನೊರೆ ತಿರುಗು ತೊಟ್ಟಿಗೂ ಅದರ ಸುತ್ತಲಿನ ಹೊರತೊಟ್ಟಿಗೂ ನಡುವೆ ತುಂಬಿ ತಿರುಗುವ ವೇಗವನ್ನೇ ತಗ್ಗಿಸುತ್ತದೆ. ವೇಗ ತಗ್ಗಿದರೆ ನೀರು ಬಿಡುವುದಿಲ್ಲ, ಮತ್ತೆ ಟೈಮರು ತಿರುವುತ್ತಾರೆ.

ಶಾಖದಿಂದ ನಿಜವಾಗಿ ಒಣಗಿಸುವ ಯಂತ್ರ ನೋಡಬೇಕೆಂದರೆ ಭಟ್ಕಳಕ್ಕೆ ಹೋಗಬೇಕು. ಕೊಲ್ಲಿ ದೇಶಗಳಿಂದ ಮರಳಿದವರ ಮನೆಗಳಲ್ಲಿ ಹಳೆಯ ಟಂಬಲ್ ಡ್ರೈಯರುಗಳಿವೆ. ಸೌದಿಯಿಂದ ತಂದದ್ದಾದರೆ ಅದಕ್ಕೊಂದು ವಿಚಿತ್ರ ತೊಂದರೆ: ಅಲ್ಲಿನ ವಿದ್ಯುತ್ 60 ಹರ್ಟ್ಸ್, ನಮ್ಮದು 50. ಹಾಗಾಗಿ ಇಲ್ಲಿ ಮೋಟಾರು ಆರನೆಯ ಒಂದು ಪಾಲು ನಿಧಾನವಾಗಿ ತಿರುಗಿ ಹೆಚ್ಚು ಕಾಯುತ್ತದೆ, ಅದೇ ಮೋಟಾರಿಗೆ ಜೋಡಿಸಿದ ಫ್ಯಾನ್ ಕಡಿಮೆ ಗಾಳಿ ತಳ್ಳುತ್ತದೆ, ಹೀಟರ್ ಮಾತ್ರ ಎಂದಿನಂತೆ ಕೆಂಪಗಾಗುತ್ತದೆ. ಜೊತೆಗೆ ಜಾಳಿಗೆಯಲ್ಲಿ ನೂಲಿನ ಧೂಳು ಕಟ್ಟಿಕೊಂಡಿದ್ದರೆ ಬೆಂಕಿಯ ಭಯವೂ ಉಂಟು. ಇಷ್ಟಾಗಿ, ಆವಿ ಹೋಗುವ ಕೊಳವೆಯನ್ನು ಹೊರಗೆ ಬಿಡದೆ ಕೋಣೆಯ ಕಿಟಕಿ ಮುಚ್ಚಿಕೊಂಡು ಓಡಿಸುತ್ತಾರೆ. ಬಟ್ಟೆಯ ನೀರೆಲ್ಲ ಗೋಡೆಗೆ ಹತ್ತಿ ಬೂಸಲು ಬರುತ್ತದೆ.

ಹಳೆಯ ಯಂತ್ರ ಇಟ್ಟುಕೊಂಡವರು ಮಳೆಗಾಲದಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಭಾರದ ಬಟ್ಟೆ ಅಡಿಗೆ, ಹಗುರದ್ದು ಮೇಲೆ ಹಾಕಿ, ಸುತ್ತಲೂ ಸಮನಾಗಿ ಒತ್ತಿ; ಒಂದೇ ಬದಿಗೆ ಜಮಖಾನೆ ತುರುಕಿದರೆ ಮೆಷಿನ್ ಕುಣಿದು ಬಚ್ಚಲ ಬಾಗಿಲವರೆಗೆ ಬರುತ್ತದೆ. ಮೂರು ನಿಮಿಷ ಸಾಕು. ತೆಗೆದ ಪ್ರತಿಯೊಂದು ಬಟ್ಟೆಯನ್ನು ಒಮ್ಮೆ ಕೊಡವಿ, ನಡುವೆ ಕೈ ಹಾಯುವಷ್ಟು ಜಾಗ ಬಿಟ್ಟು ಹರವಿ, ಫ್ಯಾನ್ ಹಾಕಿ ಕಿಟಕಿ ತೆರೆದಿಡಿ. ಶಿರಸಿ, ಸಿದ್ದಾಪುರದ ಕಡೆ ಇನ್ನೂ ಬಚ್ಚಲ ಒಲೆ ಉರಿಸುವ ಮನೆಗಳಲ್ಲಿ ಹಂಡೆಯ ಮೇಲ್ಗಡೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಹೊಗೆಯ ವಾಸನೆ ಬರುತ್ತದೆ ಎಂಬುದೊಂದನ್ನು ಬಿಟ್ಟರೆ ಯಾವ ಡ್ರೈಯರಿಗಿಂತಲೂ ಅದು ಕಡಿಮೆಯೇನಲ್ಲ.

ಕೊನೆಯದಾಗಿ, ತಿರುಗುವಾಗ ಬಟ್ಟೆಯ ಮೇಲೆ ಇಡಬೇಕಾದ ದುಂಡನೆಯ ಪ್ಲಾಸ್ಟಿಕ್ ತಟ್ಟೆ ಹೆಚ್ಚಿನ ಮನೆಗಳಲ್ಲಿ ಕಳೆದುಹೋಗಿರುತ್ತದೆ. ಅದಿಲ್ಲದೆ ಕರವಸ್ತ್ರ, ಕಾಲುಚೀಲಗಳು ಹಾರಿ ತಿರುಗು ತೊಟ್ಟಿ, ಹೊರತೊಟ್ಟಿಗಳ ಸಂದಿಗೆ ಬಿದ್ದು ಸೀಲನ್ನೇ ಹರಿಯುತ್ತವೆ. ತಟ್ಟೆ ಬೇಕೆಂದು ಅಂಗಡಿಗೆ ಬರುವವರು ತೊಟ್ಟಿಯ ಬಾಯಿಯ ಒಳ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆದುಕೊಂಡು ಬನ್ನಿ. ಕಂಪನಿಯ ಹೆಸರು ಹೇಳಿದರೆ ಸಾಲದು, ಒಂದೇ ಕಂಪನಿಯದ್ದೇ ಬೇರೆ ಬೇರೆ ಅಳತೆಗಳಿವೆ.